ಕಾಕಾನ ಬಿಳಿ ಬಸಿ

ಇವತ್ತು ಬೆಳಿಗ್ಗೆ ನಲ್ಲಿ ತಿರುಗಿಸಿದೊಡನೆ ಬ್ಲೀಚಿಂಗ್ ಪುಡಿಯ ವಾಸನೆ ಮುಖಕ್ಕೆ ರಪ್ಪನೆ ಬಡಿಯಿತು. ಪಕ್ಕದ ಮನೆಯಾಕೆ, ನೀರು ಈಗ ಶುದ್ಧವಾಯಿತು ಎಂದು ಖುಷಿಪಟ್ಟಳು. ಶುದ್ಧವಂತೆ, ಶುದ್ಧ! ನನಗೆ ಕಾಕಾ ನೆನಪಾದರು...

ರಕ್ತಸಂಬಂಧದ ಕಾಕಾ ಅಲ್ಲ. ಹಿಮಾಯತ್‌ನಗರದ ಖಾಸಗಿ ಲ್ಯಾಬೊಂದರಲ್ಲಿ ನೀರು ಪರೀಕ್ಷಿಸುವ ಹಿರಿಯ ಕೆಮಿಸ್ಟ್. ನಾನು ಅವರ ಕೈಕೆಳಗಿನ ಹೊಸಬಳು. ಇಬ್ಬರೂ ಕಲಬುರಗಿ ಕಡೆಯಿಂದ ತೆಲುಗರ ಮಹಾನಗರಕ್ಕೆ ದುಡಿಯಲು ಬಂದವರು. ನನ್ನ ಓರಗೆಯವರೆಲ್ಲ ಕಂಪ್ಯೂಟರ್ ಕಲಿಯಲು ಅಮೀರ್‌ಪೇಟ್‌ಗೆ ಓಡುತ್ತಿದ್ದ ಕಾಲ. ಅವರಿಗಾಗಿ ಎಲ್ಲೆಂದರಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು, ಅಲ್ಲಿಯ ನೀರಿನ ಬಾಟಲಿಗಳು ನಮ್ಮ ಮೇಜಿಗೆ ಬರುತ್ತಿದ್ದವು. ಕಾಕಾರದೊಂದು ಹಟ: ಯಂತ್ರಕ್ಕೆ ಕೊಡುವ ಮೊದಲು ನೀರನ್ನು ಚಹಾ ಕಪ್ಪಿನಡಿಯ ಬಿಳಿ ಬಸಿಗೆ ಸುರಿದು ಬಣ್ಣ ನೋಡಲೇಬೇಕು. ನಾವು ಮುಸಿಮುಸಿ ನಗುತ್ತಿದ್ದೆವು.

ಒಂದು ದಿನ, ಕೆರೆ ನೀರು ತುಂಬಿಸಿಕೊಳ್ಳುವ ದೊಡ್ಡ ಅಪಾರ್ಟ್‌ಮೆಂಟಿನ ಬಾಟಲಿ ಬಂತು. ಕ್ರಿಮಿ ಒಂದೂ ಇರಲಿಲ್ಲ, ಕ್ಲೋರಿನ್ ಸಾಕಷ್ಟಿತ್ತು. ಬಸಿಯಲ್ಲಿ ಮಾತ್ರ ನೀರು ತೆಳು ಚಹಾದಂತೆ ಕಂಡಿತು. ನೀರು ಕುಡಿಯಲು ಯೋಗ್ಯವೆಂಬ ಕಾಗದಕ್ಕೆ ಸಹಿ ಹಾಕದೆ ಕಾಕಾ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟರು.

“ಕ್ರಿಮಿ ಸತ್ತಾವಲ್ರೀ, ಸಹಿ ಮಾಡಾಕ ಏನ್ ಧಾಡಿ?” ಎಂದರು ಬೀದರ ಕಡೆಯ ನಮ್ಮ ಮಾಲೀಕರು.

“ಎಲಿ, ಪಾಚಿ ಕೊಳತ ರಸಾ ಐತ್ರಿ ಇದರಾಗ. ಅದಕ್ಕ ಕ್ಲೋರಿನ್ ಕೂಡಿದ್ರ ಬ್ಯಾರೆ ವಿಷಾನ ಹುಟ್ಟತೈತಿ. ಅದನ್ನ ಅಳೆಯೋ ಮಷೀನ್ ನಮ್ಮಲ್ಲಿಲ್ಲ. ಮೊದ್ಲ ಪಟಿಕಾ ಹಾಕಿ ಸೋಸಲಿ, ಆಮ್ಯಾಲೆ ಕ್ಲೋರಿನ್ ಹಾಕ್ಲಿ. ಅಲ್ಲೀತನಾ ನಾ ಸಹಿ ಮಾಡಂಗಿಲ್ರಿ.”

ಮಾಲೀಕರು ಕಾಗದವನ್ನು ನನ್ನತ್ತ ತಳ್ಳಿದರು. ನಾನು... ಸಹಿ ಹಾಕಿದೆ. ನೆಪ ಹೇಳುವುದಿಲ್ಲ. ಕೆಲಸ ಹೋದೀತೆಂಬ ಹೆದರಿಕೆ, ಅಷ್ಟೇ.

ಕಾಕಾ ಬೈಯಲಿಲ್ಲ. ಬಸಿ ತೊಳೆದು ನನ್ನ ಮುಂದಿಟ್ಟರು. “ತಂಗಿ, ಆ ನೀರು ನಿಮ್ಮ ಮನ್ಯಾಗಿನವ್ರಿಗೆ ಕುಡಸ್ತೀ ಏನು?” ಎಂದಷ್ಟೇ ಕೇಳಿ, ಚೀಲ ಹೆಗಲಿಗೇರಿಸಿ ಹೊರಟವರು ಮತ್ತೆ ಲ್ಯಾಬಿಗೆ ಬರಲಿಲ್ಲ. ಮೆಹದಿಪಟ್ಟಣಂನ ಅವರ ಮನೆಗೆ ಹೋಗಿ ತಪ್ಪಾಯಿತು ಎನ್ನಬೇಕೆಂದು ಎಷ್ಟೋ ಸಲ ಬಸ್ ಹತ್ತಿದೆ, ಅರ್ಧದಲ್ಲೇ ಇಳಿದೆ. ಕೊನೆಗೆ ಹೋದಾಗ ಅವರ ಫೋಟೋಕ್ಕೆ ಹಾರ ಬಿದ್ದಿತ್ತು.

ಇವತ್ತು ಹತ್ತು ಗಂಟೆಗೆ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬಂದರು. ಬಾಡಿಗೆದಾರರಿಗೆ ತೋರಿಸಲು, ನೀರು ಚೆನ್ನಾಗಿದೆಯೆಂಬ ಕಾಗದಕ್ಕೆ ಕೆಮಿಸ್ಟ್ ಆದ ನನ್ನ ಸಹಿ ಬೇಕಂತೆ. ನಾನು ಬಸಿ ತಂದು ನೀರು ಸುರಿದೆ. ಅದೇ ತೆಳು ಚಹಾದ ಬಣ್ಣ. ಸಂಪಿನಲ್ಲಿ ಕೊಳೆಯುತ್ತಿರುವ ಬೇವಿನೆಲೆ ತೆಗೆಸದೆ ಮೇಲೆ ಮೇಲೆ ಪುಡಿ ಸುರಿದಿದ್ದಾರೆ, ಪುಣ್ಯಾತ್ಮರು! ಸಂಪು ತೊಳೆಸಿ, ಆಮೇಲೆ ನೋಡೋಣ ಎಂದೆ. ಎಲ್ಲರೂ ಒಪ್ಪಿದ್ದಾರೆ, ನಿಮ್ಮೊಬ್ಬರದೇ ತಕರಾರು ಎಂದು ಸಿಡುಕಿದರು. ಇರಲಿ, ನನ್ನೊಬ್ಬಳದೇ ಇರಲಿ! ಈ ಕೈ ಒಮ್ಮೆ ಹೆದರಿ ಸಹಿ ಹಾಕಿದ್ದು ಸಾಕು.

ಕಾಗದವನ್ನು ಸಹಿ ಹಾಕದೆ ಹಾಗೆಯೇ ಹಿಂದಿರುಗಿಸಿದೆ. ಬಾಗಿಲು ಹಾಕಿ ಬಂದು ಬಸಿ ತೊಳೆದಿಟ್ಟೆ. “ಇಲ್ಲ ಕಾಕಾ, ಕುಡಸಂಗಿಲ್ಲ” ಎಂದು ಗಟ್ಟಿಯಾಗಿಯೇ ಹೇಳಿದೆ. ಪ್ರಶ್ನೆ ಕೇಳಿದವರು ಈಗಿಲ್ಲ, ಉತ್ತರ ಕೊಡಲು ನನಗೆ ಇಷ್ಟು ವರ್ಷ ಹಿಡಿಯಿತು.