ಹೆಗಲ ಮೇಲಿನ ಕೈ

ಹೊತ್ತು ಮೂಡುವ ಮುಂಚೆಯೇ ಇನಾಯತ ಮಿಸ್ತ್ರಿಯವರು ಶೆಡ್ಡಿನ ಶಟರ್ ಎತ್ತುತ್ತಾರೆ. ಒಳಗೆ ಒಂದೂ ಗಾಡಿಯಿಲ್ಲ. ಆದರೂ ನಟ್ಟು ಬಿಚ್ಚುವ ಪಾನಾಗಳನ್ನು ಒರೆಸಿ ಸಾಲಾಗಿ ಇಡುತ್ತಾರೆ. ಹೊರಗೆ ಅವರ ಹೆಂಡತಿ ಹಮೀದುನ್ನೀಸಾ ಸವೆದ ಟೈರಿನ ಮೇಲೆ ಕುಳಿತು, ಶಿಗ್ಗಾಂವಿ ಹಾದು ಹುಬ್ಬಳ್ಳಿಗೆ ಹೋಗುವ ಹೆದ್ದಾರಿಗೆ ಕಿವಿಗೊಟ್ಟಿದ್ದಾರೆ.

"ಈ ಟೆಂಪೋದ್ದು ಬೇರಿಂಗ್ ಹೋಗೈತಿ," ಎನ್ನುತ್ತಾರೆ, ತಲೆಯೆತ್ತದೆ. ಅವರು ಕಾಯುತ್ತಿರುವ ಸಪ್ಪಳ ಮಾತ್ರ ಬರುವುದಿಲ್ಲ.

ಹಳೆಯ ಕಾರುಗಳನ್ನು ಹೆದ್ದಾರಿಗೆ ಹೊಂದಿಸುವುದು ಈ ಶೆಡ್ಡಿನ ಕಸಬು. ಹಿಂದಿನ ಕಾಲದ ಅಂಬಾಸಿಡರ್ ಅರವತ್ತು ದಾಟಿತೆಂದರೆ ಎಂಜಿನ್ ಚೀರತೊಡಗುತ್ತದೆ, ಹಿಂದಿನ ಲಾರಿ ಮೈಮೇಲೆ ಬರುತ್ತದೆ. ಇನಾಯತ ನಾಲ್ಕು ಗೇರಿನ ಡಬ್ಬಿ ಇಳಿಸಿ ಐದು ಗೇರಿನದು ಕೂಡಿಸುತ್ತಾರೆ. ಹೊಸ ಡಬ್ಬಿ ಉದ್ದ. ಅದಕ್ಕೇ ಹಿಂದಿನ ಗಾಲಿಗೆ ಬಲ ಒಯ್ಯುವ ಶಾಫ್ಟನ್ನು ಕತ್ತರಿಸಿ, ಗಿಡ್ಡ ಮಾಡಿ, ಮತ್ತೆ ಬೆಸೆಯಬೇಕು. ಕೂದಲೆಳೆಯಷ್ಟು ಸೊಟ್ಟಾದರೂ ಎಂಬತ್ತರ ವೇಗದಲ್ಲಿ ಅದು ಗುಂಯ್‌ಗುಡುತ್ತದೆ. ಹಾಗೇ ಬಿಟ್ಟರೆ ಒಂದು ದಿನ ಕಿತ್ತು ರಸ್ತೆಗೆ ಬೀಳುತ್ತದೆ.

ಆ ಗುಂಯ್ ಇನಾಯತರಿಗೆ ಕೇಳುವುದಿಲ್ಲ. ಸವಣೂರಿನ ಗ್ಯಾರೇಜಿನಲ್ಲಿ ಎಳೆಯ ವಯಸ್ಸಿನಿಂದ ಬಡಿದ ಸುತ್ತಿಗೆ, ಪಕ್ಕದಲ್ಲೇ ಕಿರುಚಿದ ಗ್ರೈಂಡರ್ ಎರಡೂ ಕಿವಿ ತಿಂದು ಹಾಕಿವೆ. ಕೂಲಿಯವನ ಕಿವಿಗೆ ಒಂದು ಹತ್ತಿಯುಂಡೆ ಕೊಡಬೇಕೆಂದು ಯಾವ ಮಾಲೀಕನಿಗೂ ಹೊಳೆಯಲಿಲ್ಲ. ಗಾಡಿ ಒಯ್ದವರು ಬಾನೆಟ್ಟಿನ ಹೊಳಪು ನೋಡಿ ಖುಷಿಪಟ್ಟರು, ಅಷ್ಟೇ.

ಹಾಗಾಗಿ ಟ್ರಾಯಲ್‌ಗೆ ಹೊರಟಾಗಲೆಲ್ಲ ಹಿಂದಿನ ಸೀಟಿನಲ್ಲಿ ಹಮೀದುನ್ನೀಸಾ. ಕಣ್ಣು ಮುಚ್ಚಿ, ಗಂಡನ ಹೆಗಲ ಮೇಲೆ ಕೈಯಿಟ್ಟು ಕೂಡುತ್ತಿದ್ದರು. ಸಪ್ಪಳ ಬಂದರೆ ಹೆಗಲು ಒತ್ತುತ್ತಿದ್ದರು. "ಹೆಂಡ್ತೀನ ತಿರಗಸಾಕ ನಮ್ಮ ಪೆಟ್ರೋಲ ಏನ್ ಮಿಸ್ತ್ರಿ?" ಎಂದು ಗಿರಾಕಿಗಳು ಚೇಷ್ಟೆ ಮಾಡಿದರೆ ಇಬ್ಬರೂ ನಕ್ಕು ಸುಮ್ಮನಾಗುತ್ತಿದ್ದರು. ಗುಟ್ಟು ಬಯಲಾದರೆ ಕಸಬೇ ಹೋಗುತ್ತಿತ್ತು.

ಕಳೆದ ತಿಂಗಳು ಕಸಬು ಹೋಗಿಯೇ ಬಿಟ್ಟಿತು. ಹಿರೇಕೆರೂರಿನ ರುದ್ರೇಶ ತಮ್ಮ ಮನೆತನದ ಅಂಬಾಸಿಡರ್ ತಂದಿದ್ದರು. ಟ್ರಾಯಲ್ ದಿನ ಮೂವರು ಗೆಳೆಯರನ್ನು ಹಿಂದೆ ತುಂಬಿಕೊಂಡು, "ಅಕ್ಕಾರು ಮನ್ಯಾಗ ಇರ್ಲಿ ಬಿಡ್ರಿ, ಜಾಗಾ ಇಲ್ಲ," ಎಂದರು.

"ನಾಳೆ ಹೋಗೂಣ್ರಿ," ಎಂದು ಇನಾಯತ ಬೇಡಿಕೊಂಡರು.

"ಗಾಡಿ ನಂದೋ, ಅಕ್ಕಾರದೋ?"

ಬಂಕಾಪುರ ಕ್ರಾಸಿನ ಹತ್ತಿರ ಐದನೇ ಗೇರು ಬಿತ್ತು. ಇನಾಯತ ಚಪ್ಪಲಿ ಕಳಚಿ, ಎಡಗಾಲನ್ನು ತಳದ ತಗಡಿಗೆ ಊರಿ, ಅಂಗಾಲಿನಲ್ಲೇ ನಡುಕ ಹುಡುಕುತ್ತಿದ್ದರು. ಹಾರ್ನ್ ಬಾರಿಸುತ್ತ ಬಲಮಗ್ಗುಲಿಗೆ ಬಂದ ಲಾರಿ ಅವರ ಗಮನಕ್ಕೆ ಬರಲಿಲ್ಲ. ಬಲಕ್ಕೇ ಹೊರಳಿಸಿದರು. ರುದ್ರೇಶ ಸ್ಟೇರಿಂಗ್ ಎಳೆದಿದ್ದರಿಂದ ಐವರೂ ಉಳಿದರು.

"ಕಿವಡನ ಕೈಯಾಗ ಜೀವಾ ಕೊಟ್ಟಿದ್ವಲ್ಲೋ," ಎನ್ನುತ್ತಲೇ ರುದ್ರೇಶ ಶೆಡ್ಡಿನಲ್ಲಿ ಕೀಲಿ ಕಸಿದುಕೊಂಡರು. ಅವರ ಸಿಟ್ಟು ಸುಳ್ಳಲ್ಲ. ಆದರೆ ಕೇಳುವ ಕಿವಿಯನ್ನು ಗಾಡಿಯಿಂದ ಇಳಿಸಿದ್ದು ಯಾರೆಂದು ಅವರು ಯೋಚಿಸಲಿಲ್ಲ.

ಗಾಡಿ ಹೆದ್ದಾರಿಗೆ ಏರಿ ವೇಗ ಹಿಡಿಯಿತು. ಬಾಗಿಲಲ್ಲಿ ನಿಂತಿದ್ದ ಹಮೀದುನ್ನೀಸಾ ಗಂಡನ ಹೆಗಲು ಒತ್ತಿದರು.

ಇನಾಯತ ಬರಿಗಾಲಲ್ಲೇ ಅದರ ಹಿಂದೆ ಓಡಿದರು, ಕೈ ಬೀಸಿದರು. ಗಾಡಿ ನಿಲ್ಲಲಿಲ್ಲ. ಅಂದಿನಿಂದ ರುದ್ರೇಶ ಫೋನ್ ಎತ್ತುತ್ತಿಲ್ಲ. ಸವಣೂರು, ಹಾನಗಲ್ಲಿನ ಗಿರಾಕಿಗಳಿಗೆಲ್ಲ ಸುದ್ದಿ ಮುಟ್ಟಿದೆ. ಶೆಡ್ಡಿನತ್ತ ಯಾರೂ ಸುಳಿಯುತ್ತಿಲ್ಲ.

"ಎಲ್ಲಾ ಬರೀರಿ," ಎನ್ನುತ್ತಾರೆ ಇನಾಯತ, ಪತ್ರಿಕೆಗೆ ಬರೆಯಲು ಬಂದ ನನಗೆ. "ಇನ್ನ ಮುಚ್ಚಿಡಾಕ ಏನ್ ಉಳದೈತಿ? ಓದಿದ್ರ ರುದ್ರೇಶ ಅವ್ರು ಗಾಡಿ ತಂದಾರು."

ಹಮೀದುನ್ನೀಸಾ ರಸ್ತೆಯಿಂದ ಕಿವಿ ತೆಗೆಯುವುದಿಲ್ಲ.

"ರೊಕ್ಕಾ ಬ್ಯಾಡ್ರಿ. ಹಗೂರಕ ಓಡಿಸ್ಕೊಂಡ ಬರ್ಲಿ. ಸಪ್ಪಳ ಇಟ್ಕೊಂಡ ನಮ್ಮ ಶೆಡ್ಡಿನಿಂದ ಹೋದ ಗಾಡಿ ಅದೊಂದ ಐತಿ."