ಅಕ್ಕ ನಿಂಬೆಹಣ್ಣು ತಿಕ್ಕಿದ ಕತ್ತಿ

ನಮ್ಮಕ್ಕ ಕಲಾವತಿ ಹಲ್ಲಿಗೂ ಹೆದರುವವಳು. ಹುಬ್ಬಳ್ಳಿಯಿಂದ ಡೈಮಂಡ್ ಬಾರ್ ಎಂಬ ಈ ಊರಿಗೆ ಬಂದು ವರ್ಷಗಳೇ ಆದರೂ ಸಂಜೆಯಾದ ಮೇಲೆ ಗುಡ್ಡದ ಕಡೆಯ ಕಿಟಕಿ ತೆರೆದವಳಲ್ಲ. ಹುತ್ತ ಕಂಡಲ್ಲಿ ಕೈ ಮುಗಿಯುವ ಮನೆತನ ನಮ್ಮದು. ಇಲ್ಲಿ ಹುತ್ತಗಳಿಲ್ಲ, ಬಾಲದಲ್ಲಿ ಗಿಲಕಿ ಆಡಿಸುವ ಹಾವುಗಳಿವೆ. ಇಂಥವಳ ಮನೆಗೆ ಹಾವಿನಂತೆಯೇ ಬಳುಕಿದ ಹಳೆಯ ಕತ್ತಿಯೊಂದು ಬಂತು.

ಅದು ಪಕ್ಕದ ಮನೆಯ ಲೂರ್ಡೆಸ್‌ಳದು. ಫಿಲಿಪೀನ್ಸಿನವಳು, ಅಕ್ಕನ ಜೀವದ ಗೆಳತಿ. ಮಗನೊಂದಿಗೆ ಇರಲು ಸ್ಯಾನ್ ಡಿಯೇಗೊಗೆ ಹೋಗುವಾಗ ಕತ್ತಿಯನ್ನು ಅಕ್ಕನ ಬಳಿ ಬಿಟ್ಟಳು. ಸೈನಿಕನಾಗಿದ್ದ ಅವಳಜ್ಜ ಬಿಟ್ಟುಹೋದದ್ದು ಅದು. ಕತ್ತಿ ತಮ್ಮ ಪನಾಯ್ ದ್ವೀಪದ್ದಾದರೆ ಮಗನ ಮನೆಯ ಗೋಡೆಗೆ ಹಾಕಬೇಕೆಂದು ಅವಳ ಆಸೆ. ದಕ್ಷಿಣದ ದ್ವೀಪಗಳದ್ದಾದರೆ, ಅಲ್ಲಿಗೆ ಯುದ್ಧಕ್ಕೆ ಹೋಗಿದ್ದ ಅಜ್ಜ ಸತ್ತವನ ಕೈಯಿಂದ ಕಿತ್ತು ತಂದಿರಬೇಕು. ಇದೇ ಅವಳನ್ನು ತಿನ್ನುತ್ತಿದ್ದ ಭಯ, ಗೊತ್ತಾಗುವವರೆಗೆ ಅದನ್ನು ಮಗನ ಮನೆಗೆ ಒಯ್ಯಲಾರಳು. ಸ್ಯಾನ್ ಡಿಯೇಗೊದಲ್ಲಿ ಜೈನಲ್ ಎಂಬ ಮುದುಕರು ಇಂಥವನ್ನು ಗುರುತಿಸುತ್ತಾರಂತೆ, ಅವರು ಊರಿಂದ ಬಂದಮೇಲೆ ಕತ್ತಿ ತಂದುಕೊಡು ಎಂದಿದ್ದಳು.

ಅಷ್ಟರಲ್ಲಿ 2022ರ ಆಯುಧಪೂಜೆ ಬಂತು. ಮರುದಿನ ಬೆಳಿಗ್ಗೆ ನಾನು ಚಾಟ್ಸ್‌ವರ್ತ್‌ನ ನನ್ನ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದಾಗ ಅಕ್ಕನ ಫೋನು.

"ತಮ್ಮಾ, ಲಗೂನ ಬಾ. ಕತ್ತಿ ಮ್ಯಾಲ ಪೊರಿ ಎದ್ದೈತಿ."

"ಏನ್ ಪೊರಿ?"

"ಹಾವಿನ ಪೊರಿನೋ! ನಾಗಪ್ಪಂದು!"

ಬೈಯುತ್ತಲೇ ಹೋದೆ. ನೋಡಿದರೆ ಮಿಕ್ಸಿ, ಕಾರಿನ ಕೀಲಿ, ಲ್ಯಾಪ್‌ಟಾಪುಗಳ ಸಾಲಿನಲ್ಲಿ ಕತ್ತಿ ಮಲಗಿತ್ತು. ಅದರಿಂದಲೇ ನಿಂಬೆಹಣ್ಣು ಕುಯ್ದು, ಹೋಳುಗಳನ್ನು ಅಲಗಿಗೆ ತಿಕ್ಕಿ, ಕುಂಕುಮ ಹಚ್ಚಿ ಹಾಗೇ ಬಿಟ್ಟಿದ್ದಳು. ಬೂದು ಬಣ್ಣದ ಅಲಗು ಕಪ್ಪಾಗಿ, ಮೈತುಂಬ ಬಿಳಿಯ ಅಲೆಗೆರೆಗಳು ಮೂಡಿದ್ದವು.

"ಮಂದಿ ಕತ್ತಿಗೆ ಹುಳಿ ತಿಕ್ಕು ಅಂತ ಯಾರ್ ಹೇಳಿದ್ರು ನಿಂಗ? ತಲಿ ಐತೋ ಇಲ್ಲೋ?"

"ಎಲ್ಲಾದಕ್ಕೂ ಪೂಜಿ ಮಾಡಿ ಇದೊಂದ ಬಿಟ್ರ, ಅದು ಸುಮ್ನಿರ್ತಿತ್ತೇನೋ?"

ಗೆರೆಗಳನ್ನು ಉಜ್ಜಿ ತೆಗೆಯಲು ನಾನು ಉಪ್ಪುಕಾಗದ ಕೈಗೆತ್ತಿಕೊಂಡೆ. ಅವಳು ಕೈ ಹಿಡಿದಳು. "ಬ್ಯಾಡೋ, ಇನ್ನೂ ಕೆಡ್ತೈತಿ. ಇದ್ದ ಗುರ್ತು ಹೋಗಿಬಿಟ್ರ ಇದು ಯಾರದಂತ ಆಕಿಗೆ ತಿಳಿಯೂದ ಹ್ಯಾಂಗ?"

ಭಾನುವಾರ ಕತ್ತಿಗೆ ಕಂಬಳಿ ಸುತ್ತಿಕೊಂಡು ಸ್ಯಾನ್ ಡಿಯೇಗೊಗೆ ಹೊರಟೆವು. ದಾರಿಯುದ್ದಕ್ಕೂ ಅವಳ ತುಟಿ ಜಪ ಮಾಡುತ್ತಿತ್ತು. ಲೂರ್ಡೆಸ್‌ಳ ಮಗನ ಮನೆಯಲ್ಲಿ, ಊರಿಂದ ಮರಳಿದ್ದ ಜೈನಲ್ ಕಾದಿದ್ದರು. ಕಂಬಳಿ ಬಿಚ್ಚಿ ನೋಡಿ, "ಹುಳಿ ಹಚ್ಚಿದವರು ಯಾರು?" ಎಂದರು. ಅಕ್ಕ ಶಾಲೆಯ ಹುಡುಗಿಯಂತೆ ಕೈ ಎತ್ತಿದಳು.

"ದಕ್ಷಿಣದ ನಮ್ಮ ಸುಲು ದ್ವೀಪದಲ್ಲಿ ನನ್ನಜ್ಜ ಕತ್ತಿಯನ್ನು ನಿಂಬೆಯಿಂದಲೇ ತಿಕ್ಕುತ್ತಿದ್ದರು. ಪದರ ಪದರವಾಗಿ ಬಡಿದ ಕಬ್ಬಿಣ ಇದು, ಹುಳಿ ಬಿದ್ದರೆ ಗೆರೆ ಏಳುತ್ತದೆ." ಮುದುಕರು ಹಿಡಿಯ ಹತ್ತಿರದ, ಸೊಂಡಿಲಿನಂತೆ ಬಾಗಿದ ಕಚ್ಚನ್ನು ಬೆರಳಿಂದ ಮುಟ್ಟಿದರು. "ಈ ಬಾಗು ನಮ್ಮ ಕಡೆಯದು. ಪನಾಯ್‌ನದಲ್ಲ ತಾಯಿ. ಸುಲುವಿನದು."

ಕತ್ತಿ ಕೆಟ್ಟಿಲ್ಲವೆಂದು ಅಕ್ಕ ಉಸಿರು ಬಿಟ್ಟಳು. ಲೂರ್ಡೆಸ್ ಮಾತ್ರ ಕತ್ತಿಯಿಂದ ದೂರ ಸರಿದಳು.

"ಹಾಗಾದರೆ ನಮ್ಮಜ್ಜ ಕೊಂದು ತಂದದ್ದೇ?"

"ಕೊಂಡೂ ತಂದಿರಬಹುದು. ಕಬ್ಬಿಣ ಅದನ್ನು ಹೇಳುವುದಿಲ್ಲ."

"ನೀವೇ ಒಯ್ಯಿರಿ. ಈ ಮನೆಯಲ್ಲಿ ಬೇಡ. ಮೊಮ್ಮಕ್ಕಳಿದ್ದಾರೆ."

ಜೈನಲ್ ಕೈ ಹಿಂದಕ್ಕೆಳೆದುಕೊಂಡರು. "ಯಾವ ಮನೆಯದೋ, ಯಾರ ಸಾವಿನದೋ. ನನಗೂ ಹೆದರಿಕೆಯಿದೆ."

ಅಕ್ಕ ಎದ್ದು ಕತ್ತಿಗೆ ಮತ್ತೆ ಕಂಬಳಿ ಸುತ್ತತೊಡಗಿದಳು. ನಾನು ಕನ್ನಡದಲ್ಲಿ ಗದರಿದೆ: "ಹಲ್ಲಿ ಕಂಡ್ರ ಚೀರಾಕಿ, ಇದನ್ನ ಮನ್ಯಾಗ ಇಟ್ಕೋತೀಯೇನ?"

"ಕುಂಕುಮ ಹಚ್ಚಿ ಕೈ ಮುಗಿದೇನೋ. ಇನ್ನ ಬೀದ್ಯಾಗ ಬಿಟ್ಟು ಬರಾಕ್ ಆಗ್ತೈತೇನು?"

ವಾಪಸು ಬರುವಾಗ ರಾಂಚೊ ಬರ್ನಾರ್ಡೊ ಊರು ದಾಟುವವರೆಗೆ ಅವಳು ಕತ್ತಿಯಿದ್ದ ಹಿಂದಿನ ಸೀಟಿನತ್ತ ತಿರುಗಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಈ ಕತ್ತಿ ಹಿಡದು ಸತ್ತಾವಂಗ ಹೆಂಡ್ರು ಮಕ್ಳು ಇದ್ದಿರಬೇಕು, ಅಲ್ಲೇನೋ?" ಎಂದಳು.

ಕತ್ತಿ ಈಗಲೂ ಅವಳ ಗ್ಯಾರೇಜಿನಲ್ಲಿದೆ. ಪ್ರತಿ ಆಯುಧಪೂಜೆಗೆ ಚಾಟ್ಸ್‌ವರ್ತ್‌ನಿಂದ ನಾನು ಹೋಗಲೇಬೇಕು. ನಾನು ಬಾಗಿಲಲ್ಲಿ ನಿಂತರೇ ಅವಳು ಒಳಗೆ ಕಾಲಿಡುವುದು. ನಿಂಬೆಹಣ್ಣು ತಿಕ್ಕಿ, ದೀಪ ಹಚ್ಚಿ, ಹೆಸರು ಗೊತ್ತಿಲ್ಲದ ಆ ಮನುಷ್ಯನಿಗೆಂದು ಒಂದು ಎಡೆ ಇಡುತ್ತಾಳೆ. "ಅಲ್ಲೇ ಅದೀಯೇನೋ ತಮ್ಮಾ?" ಎಂದು ನಡುನಡುವೆ ಕೂಗುತ್ತಾಳೆ.

"ಇಲ್ಲೇ ಅದೇನಿ, ಲಗೂನ ಮುಗಸು" ಎನ್ನುತ್ತೇನೆ. ಹೊಸ್ತಿಲು ಮಾತ್ರ ನಾನು ದಾಟುವುದಿಲ್ಲ.