ಬಿದ್ದವನಿಗೆ ಕಾಣುವ ನಂಬರು

ಟ್ರ್ಯಾಕ್ಟರ್ ಟ್ರಾಲಿಗಳ ಹಿಂಬದಿಗೆ ನಂಬರು ಬರೆಯುವುದು ಶಹಾಬಾದದಲ್ಲಿ ನನ್ನ ಹೊಟ್ಟೆಪಾಡು. ಅಂಗಡಿ ಬೋರ್ಡುಗಳನ್ನೂ ಬರೆಯುತ್ತೇನೆ. ಕುಂಚ ಹಿಡಿಯುವುದು ಬಲಗೈಯಲ್ಲಿ, ಬಿದ್ದದ್ದೂ ಅದರ ಮೇಲೆಯೇ.

ಅಂದು ಬೆಳಿಗ್ಗೆ ರಾವೂರದ ಕಿರಾಣಿ ಅಂಗಡಿಯೊಂದರ ಬೋರ್ಡ್ ಬರೆಯಲು ಸೈಕಲ್ ಮೇಲೆ ಹೊರಟಿದ್ದೆ. ಹಿಂದಿನಿಂದ ಬಂದ ಕಲ್ಲಿನ ಟ್ರಾಲಿ ಹ್ಯಾಂಡಲ್ಲಿಗೆ ತಾಗಿತು. ನಾನೊಂದು ಕಡೆ, ಕನ್ನಡಕ ಒಂದು ಕಡೆ. ನಮ್ಮ ಕಡೆ ಬಿದ್ದವನು ಮೊದಲು ಎದ್ದು ನಗುತ್ತಾನೆ, ಆಮೇಲೆ ಸೈಕಲ್ಲಿನ ಗಾಲಿ ತಿರುಗಿಸಿ ನೋಡುತ್ತಾನೆ. ಮೈ ನೋಡಿಕೊಳ್ಳುವುದು ಮನೆಗೆ ಹೋದ ಮೇಲೆ. ನಾನೂ ಹಾಗೇ ಮಾಡಿದೆ. ಟ್ರ್ಯಾಕ್ಟರಿನವನು ಇಳಿದು ಬಂದು ನೀರು ಕೊಟ್ಟ.

“ಕಾಕಾ, ಪೆಟ್ಟ ಹತ್ಯಾದೇನ್ರಿ?”

“ಏನೂ ಆಗಿಲ್ಲ, ನೀ ನಡಿ.”

ಅವನು ಹೋದ. ಒಳ್ಳೆಯವನೇ, ನಾನು ಹೇಳಿದ್ದನ್ನು ನಂಬಿದ.

ಸಂಜೆಗೆ ಮಣಿಕಟ್ಟು ಊದಿತು. ಎರಡು ದಿನ ಎಣ್ಣೆ ತಿಕ್ಕಿ ಕುಳಿತದ್ದು ನನ್ನ ಇನ್ನೊಂದು ಶಾಣ್ಯಾತನ. ಎಲುಬು ಬಿರುಕು ಬಿಟ್ಟಿದೆ, ಅಂದೇ ಬರಬೇಕಿತ್ತು ಎಂದು ಡಾಕ್ಟರು ಬೈದರು. ದೂರು ಕೊಡಲು ಹೋದರೆ ಠಾಣೆಯಲ್ಲಿ ಗಾಡಿ ನಂಬರು ಕೇಳಿದರು. ಟ್ರ್ಯಾಕ್ಟರಿನ ಬಣ್ಣ ಹೇಳಿದೆ, ಅವನ ಅಂಗಿಯ ಬಣ್ಣವನ್ನೂ ಹೇಳಿದೆ. ನಂಬರು ನೋಡಿರಲೇ ಇಲ್ಲ.

“ಮಂದಿ ಗಾಡಿಗೆಲ್ಲಾ ನಂಬರ್ ಬರೀತೀರಿ, ನಿಮಗ ಬಡದ ಗಾಡೀದು ನೋಡ್ಲಿಲ್ಲೇನ್ರಿ?” ಎಂದಳು ಹೆಂಡತಿ. ನನಗೆ ಸಿಟ್ಟು ಬಂತು. ಅವಳ ಮಾತು ಖರೆ ಇತ್ತು, ಅದಕ್ಕೇ ಬಂತು.

ಪ್ಲಾಸ್ಟರ್ ಇದ್ದಷ್ಟು ದಿನ ಎಡಗೈಯಲ್ಲಿ ಅಂಕಿ ತಿದ್ದಿದೆ. ಒಂದೂ ನೆಟ್ಟಗೆ ಬರಲಿಲ್ಲ. ಬಲಗೈ ಮೊದಲಿನಂತೆ ತಿರುಗದಿದ್ದರೆ ನಾನು ಮತ್ತೇನು ಮಾಡಬಲ್ಲೆ ಎಂದು ಬಹಳ ಹೆದರಿದ್ದೆ. ಈಗ ಸೈಕಲ್ಲಿನವರು ಸಿಕ್ಕರೆ ಕೇಳದಿದ್ದರೂ ಹೇಳುತ್ತೇನೆ: ಬಿದ್ದರೆ ಏನೂ ಆಗಿಲ್ಲ ಎನ್ನಬೇಡಿ, ನಂಬರು ನೋಡಿ, ಬಿದ್ದದ್ದು ಕಂಡವರನ್ನು ನಿಲ್ಲಿಸಿಕೊಳ್ಳಿ, ಸೀದಾ ದವಾಖಾನೆಗೆ ಹೋಗಿ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಬಂದ ಮೊದಲ ಕೆಲಸ ಒಂದು ಟ್ರಾಲಿಯದು. ಸಣ್ಣದಾಗಿ ಬರೆದರೆ ಸಾಕು ಎಂದ ಮಾಲಕ. ಬರೆದೆ. ಆಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ, ನೆಲಕ್ಕೆ ಕುಳಿತು, ಕನ್ನಡಕ ತೆಗೆದು ನೋಡಿದೆ. ಏನೂ ಕಾಣಲಿಲ್ಲ. ಎಲ್ಲ ಒರೆಸಿ, ಹಲಗೆಯ ತುಂಬ ಬರೆದೆ. ಮಣಿಕಟ್ಟು ಪೂರ್ತಿ ತಿರುಗದೆ ಎಂಟರ ಅಂಕಿ ಸೊಟ್ಟಾಯಿತು. ಮತ್ತೆ ಹೋಗಿ ಕುಳಿತು ನೋಡಿದೆ. ಸೊಟ್ಟ ಎಂಟೂ ಸೇರಿ ಎಲ್ಲ ಅಂಕಿ ಕಂಡವು.